ಯಾವ ವರ್ಷದ ಹಾದಿ?

ಬಸವಕಲ್ಯಾಣದ ಕರಡು ಮಹಾಯೋಜನೆಯ ನಕ್ಷೆಯನ್ನು ಗೋಡೆಗೆ ಅಂಟಿಸಿ ಎರಡು ತಿಂಗಳು ಸಾರ್ವಜನಿಕರಿಗೆ ಬಿಟ್ಟಿದ್ದೆವು. ಇಳಿಸುವ ಹೊತ್ತಿಗೆ ಊರ ನಡುವಿನ ಭಾಗ ಹೊಚ್ಚ ಹೊಸದಾಗಿಯೇ ಇತ್ತು. ಅಂಚಿನಲ್ಲಿ, ಹಳದಿ ಮುಗಿದು ಹಸಿರು ಶುರುವಾಗುವ ಕಡೆ ಮಾತ್ರ ಬೆರಳಾಡಿಸಿ ಬೆರಳಾಡಿಸಿ ಬಣ್ಣ ಎದ್ದುಹೋಗಿತ್ತು. ಹಳದಿ ಎಂದರೆ ವಸತಿ ವಲಯ, ಹಸಿರು ಎಂದರೆ ಕೃಷಿ. ಹೊಲ ಹಳದಿಯಾದರೆ ಪ್ಲಾಟು, ಹಸಿರಾಗಿ ಉಳಿದರೆ ತೊಗರಿ. ಜನ ಎಲ್ಲಿ ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದರು ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಆ ಕಚೇರಿಯಲ್ಲಿ ನಕ್ಷೆ ಕೆಲಸದವಳು. ದಿನವೂ ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಬಂದ ಆಕ್ಷೇಪಣೆಗಳನ್ನು ಒಂದೊಂದಾಗಿ ವಹಿಯಲ್ಲಿ ಏರಿಸುವುದು, ಸ್ಥಳಕ್ಕೆ ಹೋಗಿ ನೋಡುವುದು, ಕೊನೆಯ ಅಂಕಣದಲ್ಲಿ ಷರಾ ಬರೆಯುವುದು ನನ್ನ ಪಾಲಿಗೆ ಬಂತು. ಮುಕ್ಕಾಲು ಪಾಲು ಅರ್ಜಿಗಳಲ್ಲಿ ಒಂದೇ ಮಾತು: ನನ್ನ ಹೊಲ ಹಳದಿ ಮಾಡಿ. ಕೆಲವರು ವಕೀಲರಿಂದ ಬರೆಸಿದ್ದರು, ಕೆಲವರು ಬಣ್ಣದ ಫೋಟೋ ಅಂಟಿಸಿದ್ದರು. ಪಕ್ಕದವನ ಹೊಲ ಹಸಿರು ಮಾಡಿ ಎಂದು ಕೇಳಿದ ಪುಣ್ಯಾತ್ಮರೂ ಇದ್ದರು.

ಅವುಗಳ ನಡುವೆ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಸಿಕ್ಕಿತು. “ನಮ್ಮ ಕುರಿ ನೀರಿಗಿ ಹೋಗೋ ಹಾದಿ ನಕಾಶಾದಾಗ ಕಾಣವಲ್ದು. ಹುಡುಕಿ ಹಾಕಬೇಕು.” ಇಷ್ಟೇ. ಕೆಳಗೆ ಒಂದು ಹೆಬ್ಬೆಟ್ಟು. ಸರ್ವೆ ನಂಬರ್ ಇಲ್ಲ. ಸರ್ವೆ ನಂಬರ್ ಇಲ್ಲದ ಅರ್ಜಿಯನ್ನು ತಿರಸ್ಕರಿಸಬೇಕೆಂಬುದು ನಿಯಮ. ಆ ವಾರ ಅಂಥ ಎಷ್ಟೋ ಅರ್ಜಿಗಳನ್ನು ಕಣ್ಣು ಮಿಟುಕಿಸದೆ ಬದಿಗಿಟ್ಟಿದ್ದೆ. ಇದನ್ನು ಇಡಲಾಗಲಿಲ್ಲ. ಯಾವ ಬಣ್ಣವನ್ನೂ ಕೇಳದ ಅರ್ಜಿ ಅದೊಂದೇ ಎಂಬ ಕಾರಣಕ್ಕೋ, ಹುಡುಕಿ ಹಾಕಬೇಕು ಎಂಬ ಮಾತಿಗೋ, ಮಾರನೆಯ ದಿನ ಹುಡುಕಿಕೊಂಡು ಹೊರಟೆ.

ಊರ ಹೊರಗೆ ಕುರಿ ಕಾಯುವವರ ಹಟ್ಟಿ. ಅದರ ಆಚೆ ಒಂದು ಸಣ್ಣ ಕೆರೆ. ಹಟ್ಟಿಗೂ ಕೆರೆಗೂ ನಡುವೆ ಒಬ್ಬರೇ ಸಾವ್ಕಾರರ ಹೊಲಗಳು. ಆ ಹೊಲಗಳನ್ನು ದಾಟಿದರೆ ಕಾಲು ಗಂಟೆಯಲ್ಲಿ ಕುರಿಗಳಿಗೆ ನೀರು. ಇಲ್ಲವಾದರೆ ಸುತ್ತುಹಾಕಿ ಹೆದ್ದಾರಿಯನ್ನು ಎರಡು ಸಲ ದಾಟಬೇಕು. ಪುಣೆ, ಹೈದರಾಬಾದಿನ ಲಾರಿಗಳು ಕುರಿ ಬಂತೆಂದು ನಿಲ್ಲುವುದಿಲ್ಲ. ಹಿಂದೊಮ್ಮೆ ಹಾಗೆ ದಾಟಿಸಲು ಹೋಗಿ ಹಿಂಡಿನ ಮುಂದಿನ ಸಾಲು ಪೂರ್ತಿ ಲಾರಿಯಡಿ ಹೋಗಿತ್ತಂತೆ. ಕರಡು ನಕ್ಷೆಯಲ್ಲಿ ಆ ಹೊಲಗಳಷ್ಟೂ ಅಚ್ಚ ಹಳದಿ. ನಾಳೆ ಅಲ್ಲಿ ಬಡಾವಣೆ ಎದ್ದು ಕಾಂಪೌಂಡು ಬಿದ್ದರೆ ಹಟ್ಟಿಯ ಕುರಿಗಳಿಗೆ ಉಳಿಯುವುದು ಹೆದ್ದಾರಿಯೇ.

ಹೆಬ್ಬೆಟ್ಟೊತ್ತಿದ ಮುದುಕರು ಹಟ್ಟಿಯ ಹಿರಿಯರು. ಎಲ್ಲರಂತೆ ನಾನೂ ಅವರನ್ನು ಅಜ್ಜ ಎಂಬಂತೆ ಮುತ್ಯಾ ಎಂದೆ. ಅವರು ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವಂತೆ ನನ್ನನ್ನು ಬಾಯಿ ಎಂದರು. ಬೇಸಿಗೆಯ ದಿನ, ಹೊಲಗಳೆಲ್ಲ ಬರಿದು. ನಾನು ಟ್ಯಾಬ್ ತೆರೆದು, “ಮುತ್ಯಾ, ಹಾದಿ ಎಲ್ಲದ ತೋರ್ಸ್ರಿ” ಎಂದೆ.

“ಯಾವ ವರ್ಸದ ಹಾದಿ ಬಾಯಿ?”

“ಅಂದ್ರ?”

“ಈ ವರ್ಸದ್ದು ಇನ್ನಾ ಕೇಳಿಲ್ರಿ. ಮಳಿ ಬಿದ್ದು ಬಿತ್ತಗಿ ಆದ ಮ್ಯಾಲ ಸಾವ್ಕಾರ್ರಿಗಿ ಕೇಳ್ತೀವಿ. ಅವ್ರು ಯಾ ಬದುವಿನಗುಂಟ ಅಂತಾರ, ಅದೇ ಹಾದಿ. ಹೋದ ವರ್ಸದ್ದು ತೋರಸ್ಲೇನು?”

“ತೋರ್ಸ್ರಿ” ಎಂದೆ. ಮುದುಕರ ಮಾತಿನ ಧಾಟಿಯೇ ಹೀಗೆ ಎಂದುಕೊಂಡು ಟ್ಯಾಬ್ ಹಿಡಿದು ಅವರ ಹಿಂದೆ ನಡೆದೆ. ಇಡೀ ಪ್ರಕರಣದಲ್ಲಿ ನನಗೆ ಬೇಕಿದ್ದ ಸಂಗತಿ ಅದೊಂದೇ ಆಗಿತ್ತು. ಅದನ್ನು ಅವರು ಮೊದಲ ಮಾತಿನಲ್ಲೇ ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ನಡೆದ ಗೆರೆಯನ್ನು ಕಚೇರಿಯಲ್ಲಿ ಗ್ರಾಮ ನಕ್ಷೆಯ ಮೇಲೆ ಕೂರಿಸಿದರೆ ಹಾದಿ ಸಾವ್ಕಾರರ ಹೊಲ ಬಿಟ್ಟು ಪಕ್ಕದ ಬಾವಿಯೊಳಗೆ ಬಿತ್ತು. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹದ ಚಿತ್ರಕ್ಕೆ ಹೊಂದಿಸುವಾಗ ಹೀಗಾಗುವುದುಂಟು. ಒಂದು ಮೂಲೆ ಸರಿಹೋದರೆ ಇನ್ನೊಂದು ಮೂಲೆ ಎಳೆದುಕೊಂಡು ಹೋಗುತ್ತದೆ. ಸರಿಪಡಿಸಲು ಗಡಿಯ ಕಲ್ಲುಗಳು ಬೇಕು. ಮತ್ತೆ ಹೋಗಿ ಕಲ್ಲು ಹುಡುಕಿದೆ. ಒಂದು ಹುತ್ತದೊಳಗೆ ಸಿಕ್ಕಿತು, ಒಂದನ್ನು ಯಾರೋ ಬಟ್ಟೆ ಒಗೆಯಲು ಒಯ್ದಿದ್ದರು, ಒಂದನ್ನು ಮುತ್ಯಾ ಕಾಲಿನಿಂದ ಮಣ್ಣು ಸರಿಸಿ ತೋರಿಸಿದರು. ಮೂರು ದಿನ ಟೇಪು ಹಿಡಿದು ಅಳೆದು ಗೆರೆಯನ್ನು ಅದರ ಜಾಗಕ್ಕೆ ತಂದೆ. ಬಿಸಿಲಿಗೆ ಮುಖ ಸುಟ್ಟು ಕರಕಲಾಗಿತ್ತು, ಆದರೂ ಆ ಗೆರೆಯನ್ನು ನೋಡಿ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಜೊತೆಗೆ ವಲಯ ನಿಯಮಾವಳಿಗೆ ಹೊಸದೊಂದು ಕಲಮು ಬರೆದೆ. ಜಾನುವಾರುಗಳ ಹಾದಿಯೆಂದು ಗುರುತಿಸಿದ ಕಡೆ ಆರು ಮೀಟರ್ ಅಗಲ ಬಿಡಬೇಕು, ಕಾಂಪೌಂಡು ಹಾಕುವಂತಿಲ್ಲ, ಅದನ್ನು ತೆರೆದಿಟ್ಟರೆ ಮಾತ್ರ ಬಡಾವಣೆಗೆ ಒಪ್ಪಿಗೆ. ನಮ್ಮ ಸಾಹೇಬರು ಅದನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು, ಅವಸರ ಕಂಡರೆ ಆಗದು.

“ಕಲಮು ಚಂದದ ಮೇಡಂ. ಆದ್ರ ಗ್ರಾಮ ನಕ್ಷೆದಾಗ ಹಾದಿಗಿ ಚುಕ್ಕಿ ಗೆರಿ ಇಲ್ಲ. ಪಹಣಿದಾಗ ಹಕ್ಕು ಇಲ್ಲ. ಬಾಯಿ ಮಾತು ಹ್ಯಾಂಗ ನಕ್ಷೆಗಿ ತರ್ತೀರಿ?”

“ಪಂಚನಾಮೆ ಮಾಡ್ತೀನಿ ಸರ್. ಬಳಕೆ ಅದ ಅಂತ ಹೇಳಿಕೆ ತಗೋತೀನಿ.”

ಹಾಗೆಯೇ ಮಾಡಿದೆ. ಹಟ್ಟಿಯ ಮುಂದೆ ಕಂಬಳಿ ಹಾಸಿದರು. ಹೇಳಿಕೆಯನ್ನು ಓದಿ ಹೇಳಿದೆ: ಇಂತಿಂಥ ಸರ್ವೆ ನಂಬರುಗಳಲ್ಲಿ ತಲೆತಲಾಂತರದಿಂದ ನಮ್ಮ ಹಾದಿಯಿದೆ. ಮುತ್ಯಾ ಮಸಿಯ ಡಬ್ಬಿ ನೋಡುತ್ತ ಕೂತರು.

“ಸಾವ್ಕಾರ್ರಿಗಿ ಒಂದ್ ಮಾತ ಕೇಳಿ ಮಾಡಿದ್ರ ಚಲೋ ಆಗ್ತಿತ್ತು ಬಾಯಿ.”

“ಅವ್ರಿಗಿ ನೋಟೀಸ್ ಹೋಗ್ತದ ಮುತ್ಯಾ. ನಿಮ್ಮ ಹಾದಿಗಿ ನೀವ್ಯಾಕ ಕೇಳ್ಬೇಕು? ನಕ್ಷೆದಾಗ ಬಂದ್ರ ಮುಂದ ಯಾರಿಗೂ ಕೇಳೋ ಕೆಲಸಿಲ್ಲ.”

ಇದನ್ನು ನಾನು ಧೈರ್ಯ ತುಂಬಲು ಹೇಳಿದ್ದು. ಅವರ ಮುಖದಲ್ಲಿ ಧೈರ್ಯ ಕಾಣಲಿಲ್ಲ. ಆದರೂ ಹೆಬ್ಬೆಟ್ಟು ಒತ್ತಿದರು. ಮೂರು ಪ್ರತಿಗೂ ಒತ್ತಿದರು.

ನೋಟೀಸು ತಲುಪಿದ ಎರಡನೆಯ ದಿನ ಸಾವ್ಕಾರರು ಕಚೇರಿಗೆ ಬಂದರು. ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ, ಹಣೆಯಲ್ಲಿ ವಿಭೂತಿ, ಮೆಲುದನಿ. “ಶರಣ್ರಿ” ಎಂದು ಕೈಮುಗಿದು, ಕೂಡ್ರಿ ಎಂದ ಮೇಲೆಯೇ ಕೂತರು. ನಾನು ಜಗಳಕ್ಕೆ ತಯಾರಾಗಿದ್ದೆ. ಅವರು ಜಗಳವಾಡಲಿಲ್ಲ.

“ನಾ ಎಂದಾದ್ರೂ ಹಾದಿ ಬ್ಯಾಡಂದೇನೇನ್ರಿ ಮೇಡಂ? ನಮ್ಮಪ್ಪ ಕೊಟ್ರು, ನಾ ಕೊಡಾಕತ್ತೇನಿ. ಬ್ಯಾಸಿಗ್ಯಾಗ ಅವ್ರ ಕುರಿ ನಮ್ಮ ಹೊಲದಾಗ ಕೂಡ್ತಾವ, ನಮಗ ಗೊಬ್ಬರ ಆಗ್ತದ. ಇದು ನಮ್ಮ ನಮ್ಮ ನಡುವಿನ ಮಾತು. ಈಗ ನೀವು ಅವ್ರ ಹಕ್ಕು ಅಂತ ಬರ್ದೀರಿ. ನಾ ಕೊಟ್ಟಿದ್ದು ನನ್ನ ಕೈಯಿಂದ ಕಸ್ಕೊಂಡಂಗ ಆತಲ್ರಿ?”

“ಕೊಡೋ ಮನಸ್ಸದ ಅಂದ್ರ ಬರ್ದುಕೊಡಾಕ ಏನು ತೊಂದ್ರಿರಿ?” ಎಂದು ಕೇಳಿದೆ. ಅವರು ಮತ್ತೆ ಕೈಮುಗಿದು ಹೋದರು. ಗೆದ್ದೆನೆಂದುಕೊಂಡೆ.

ಮಳೆ ಬಿತ್ತು, ಬಿತ್ತನೆ ಮುಗಿಯಿತು, ಸೋಯಾ ಮೊಣಕಾಲುದ್ದ ಬೆಳೆಯಿತು. ಆ ಹೊತ್ತಿಗೆ ವಿಚಾರಣೆಯ ದಿನ ಗೊತ್ತಾಯಿತು. ಹಿಂದಿನ ದಿನ ಸಾಹೇಬರು ನನ್ನನ್ನು ಕರೆದರು. ಸ್ಥಳ ಪರಿಶೀಲನೆಯ ನಮೂನೆಯಲ್ಲಿ ಒಂದು ಅಂಕಣ ಖಾಲಿ ಉಳಿದಿತ್ತು: ಬಳಕೆಯ ಸ್ವರೂಪ ಶಾಶ್ವತವೋ, ತಾತ್ಕಾಲಿಕವೋ. ತಾತ್ಕಾಲಿಕ ಎಂದು ಬರೆದರೆ ನಕ್ಷೆಯಲ್ಲಿ ಗೆರೆ ಬರುವುದಿಲ್ಲ. ವರದಿಯಲ್ಲಿ ಒಂದು ಟಿಪ್ಪಣಿ ಉಳಿಯುತ್ತದೆ. ಮುಂದೆ ಬಡಾವಣೆಯ ಅರ್ಜಿ ಬಂದಾಗ ಹಟ್ಟಿಯವರನ್ನು ಕರೆದು ಕೇಳಬಹುದು.

“ನನ್ನ ಮಾತ ಕೇಳ್ರಿ. ಟಿಪ್ಪಣಿ ಸಾಕು. ಗೆರಿ ಹೊಡಿಯಾಕ ಹೋದ್ರ ಅವ್ರಿಬ್ಬರ ನಡುವಿನ ಮಾತು ಎರಡೂ ಕಡೆಯಿಂದ ಹರೀತದ.”

ಟಿಪ್ಪಣಿಗಳನ್ನು ಯಾರು ಓದುತ್ತಾರೆಂಬುದು ನನಗೆ ಗೊತ್ತು. ಇಷ್ಟು ವರ್ಷಗಳಲ್ಲಿ ನಾನೇ ಎಷ್ಟು ಓದಿದ್ದೇನೆ? ಶಾಶ್ವತ ಎಂಬುದರ ಮುಂದೆ ಗುರುತು ಹಾಕಿ, ಖುದ್ದಾಗಿ ನೋಡಿ ದೃಢೀಕರಿಸಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಕಡತ ಮುಚ್ಚಿದರು.

ವಿಚಾರಣೆಯ ಸಭಾಂಗಣ ತುಂಬಿತ್ತು. ಹಳದಿ ಕೇಳಿದವರ ಸರದಿ ಮುಗಿದು ನಮ್ಮ ಸರದಿ ಬರುವಾಗ ಮಧ್ಯಾಹ್ನ. ನಾನು ಪರದೆಯ ಮೇಲೆ ಗೆರೆ ತೋರಿಸಿದೆ, ಕಲಮು ಓದಿದೆ. ಮುತ್ಯಾ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. ಸಾವ್ಕಾರರು ಎರಡು ಸಾಲು ಹಿಂದೆ ಕೂತಿದ್ದರು.

ಸಾಹೇಬರು ಕೇಳಿದರು: “ನೋಡ್ರಿ ಮುತ್ಯಾ, ಈ ಗೆರಿ ಇದ್ದಲ್ಲಿ ನಿಮ್ಮ ಕುರಿ ಹಾದಿ ಅದ ಅಂತ ಬರ್ದಾರ. ಹೌದೇನು?”

ಮುತ್ಯಾ ನನ್ನ ಕಡೆ ನೋಡಲಿಲ್ಲ.

“ಇಲ್ರಿ ಸಾಹೇಬ್ರ. ಅಲ್ಲಿ ನಮ್ಮ ಹಾದಿ ಇಲ್ರಿ.”

ಅವರಿಗೆ ಪ್ರಶ್ನೆ ತಿಳಿದಿಲ್ಲ ಎಂದುಕೊಂಡು ನಾನೇ ಎದ್ದು ಸರ್ವೆ ನಂಬರು ಬಿಟ್ಟು ಬಾವಿ, ಬೇವಿನ ಮರ, ಬದು ಎಲ್ಲ ಹೇಳಿ ಮತ್ತೆ ಕೇಳಿದೆ. ಅದೇ ಉತ್ತರ. ಸಾಹೇಬರು ಹೇಳಿಕೆಯ ಹಾಳೆ ಎತ್ತಿ ಹಿಡಿದರು. ಅವರ ದನಿ ಗಡುಸಾಗಿತ್ತು.

“ಮತ್ತ ಈ ಹೆಬ್ಬೆಟ್ಟು ಯಾರ್ದು?”

“ನಂದೇರಿ. ಬಾಯಿಯವ್ರು ಒತ್ತಂದ್ರು, ಒತ್ತಿದೆ.”

ಸಭೆಯಲ್ಲಿ ಯಾರೋ ನಕ್ಕರು. ಹಳದಿ ಸಿಗದೆ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದವರಿಗೆ ಅದು ಹಬ್ಬದೂಟ. ನಾನು ನಿಂತೇ ಇದ್ದೆ. ಗೆರೆಯನ್ನು ಕೈಬಿಡಲಾಯಿತು ಎಂದು ನಡಾವಳಿಯಲ್ಲಿ ಬರೆದರು. ಹೊಲ ಹಳದಿಯಾಗಿಯೇ ಉಳಿಯಿತು. ಗುರುತಿಸಲು ಒಂದು ಹಾದಿಯೂ ಇಲ್ಲದ್ದರಿಂದ ಜಾನುವಾರು ಹಾದಿಯ ಕಲಮೂ ಬಿದ್ದುಹೋಯಿತು. ಸುಳ್ಳು ದೃಢೀಕರಣದ ಬಗ್ಗೆ ವಿವರಣೆ ಕೊಡಬೇಕೆಂದು ಸಂಜೆಯೊಳಗೆ ನನಗೆ ಪತ್ರವೂ ಬಂತು. ಹುಮನಾಬಾದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದ ಹೆಂಗಸು, ಯಾರಾದ್ರೂ ತೀರಿಕೊಂಡ್ರೇನ್ರಿ ಎಂದು ಕೇಳಿದಳು. ಇಲ್ಲ ಎಂದೆ.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗದೆ ನೇರ ಹಟ್ಟಿಗೆ ಹೋದೆ. ಮುತ್ಯಾ ಮರಿಗಳನ್ನು ಬಿಡುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡರು.

“ಕೂಡ್ರಿ ಬಾಯಿ. ಚಾ ಮಾಡಸ್ತೀನಿ.”

“ಚಾ ಬ್ಯಾಡ. ಅಷ್ಟು ಮಂದಿಯಾಗ ಸುಳ್ಳ ಯಾಕ ಹೇಳಿದ್ರಿ? ಅದಷ್ಟು ಹೇಳ್ರಿ.”

“ಸುಳ್ಳಲ್ರಿ. ಬರ್ರಿ, ತೋರಸ್ತೀನಿ.”

ಕರೆದುಕೊಂಡು ಹೋದರು. ನಾನು ಮೂರು ದಿನ ಅಳೆದ ಗೆರೆಯ ಮೇಲೆ ಸೋಯಾ ಒತ್ತಾಗಿ ನಿಂತಿತ್ತು. ಒಂದು ಗೊರಸಿನ ಗುರುತಿಲ್ಲ. ಹಾದಿ ಈ ವರ್ಷ ಹೊಲದ ಇನ್ನೊಂದು ಪಕ್ಕದ ಬದುವಿನಗುಂಟ ಹೋಗಿತ್ತು. ಅಲ್ಲಿ ಹುಲ್ಲು ತುಳಿದು, ಹಿಕ್ಕೆ ಬಿದ್ದು, ಅಚ್ಚುಕಟ್ಟಾದ ಹಾದಿ. ಹೋದ ವರ್ಷದ ಬದುವಿಗೆ ಈ ವರ್ಷ ವಿಶ್ರಾಂತಿ. ಪ್ರತಿ ವರ್ಷ ಹೀಗೇ. ಯಾವ ಬದುವೂ ಪೂರ್ತಿ ಸವೆಯುವುದಿಲ್ಲ, ಯಾವುದೂ ಹಾದಿಯಾಗಿ ಖಾಯಂ ಆಗುವುದಿಲ್ಲ. ನಾನು ಶಾಶ್ವತ ಎಂದು ಸಹಿ ಹಾಕಿದ್ದು ಇದಕ್ಕೆ.

“ಹಾದಿ ಸರದದ ಅಂತ ಹೇಳ್ಬಹುದಿತ್ತಲ್ಲ? ಇಲ್ಲೇ ಇಲ್ಲ ಅಂದ್ರಿ.”

ಮುತ್ಯಾ ಬದುವಿನ ಮೇಲೆ ಕೂತರು.

“ಸಾವ್ಕಾರ್ರು ಬಂದಿದ್ರು ಯವ್ವಾ. ನೀ ಬದುಕಿರತನಾ ಹಾದಿ ತಪ್ಪಸಲ್ಲ ಅಂತ ಕೈ ಮ್ಯಾಲ ಕೈ ಹಾಕಿ ಹೇಳಿದ್ರು. ಕಾಗದದಾಗ ಗೆರಿ ಬಿದ್ರ ಅವ್ರು ಕೊಡಾಂವ ಅಲ್ಲ, ನಾ ಕೇಳಾಂವ ಅಲ್ಲ. ಆಮ್ಯಾಲ ನಮ್ಮಿಬ್ಬರ ನಡುವ ಮಾತೇನು ಉಳೀತದ? ಕುರಿ ಕೂಡಸ್ಲಿಕ್ಕಿ ಹೊಲ ಯಾರು ಕೊಡ್ತಾರ?”

“ಮತ್ತ ನನ್ನ ಹೆಸರ್ಯಾಕ ಹೇಳಿದ್ರಿ? ಒತ್ತಂದ್ರು, ಒತ್ತಿದೆ ಅಂತ?”



“ಅದು ನಂದು ತಪ್ಪಾತು. ಸಾಹೇಬ್ರು ಗಟ್ಟಿ ಕೇಳಿದ್ರು, ಹೆದರಿದೆ. ನಿಮಗ ಸರಕಾರಿ ನೌಕರಿ ಅದ, ಏನೂ ಆಗಲ್ಲ ಅನ್ಕೊಂಡೆ.”

ಆಗಿದ್ದು ಹೆಚ್ಚೇನಲ್ಲ. ವಿವರಣೆ ಬರೆದುಕೊಟ್ಟೆ, ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ಅದು ನನ್ನನ್ನು ಅಷ್ಟು ಕಾಡಲಿಲ್ಲ. ಇಡೀ ಬೇಸಿಗೆ ನಾನು ಯಾರ ಪರ ಬಿಸಿಲಿನಲ್ಲಿ ನಿಂತಿದ್ದೆನೋ, ಅವರೇ ನನ್ನನ್ನು ಬಿಟ್ಟುಕೊಟ್ಟರಲ್ಲ ಎಂಬ ಉರಿ ಮಾತ್ರ ಆರಲಿಲ್ಲ. ಹೊಲದ ಬದುವಿನ ಮೇಲೆ ನಿಂತಾಗ ತಪ್ಪು ನನ್ನದೂ ಇದೆ ಎಂದು ತಿಳಿದಿತ್ತು. ತಿಳಿದ ಮಾತ್ರಕ್ಕೆ ಸಿಟ್ಟು ಇಳಿಯಬೇಕಲ್ಲ. ಆ ಹಟ್ಟಿಯ ಕಡೆ ಮತ್ತೆ ಹೋಗಲಿಲ್ಲ.

ಮಹಾಯೋಜನೆಗೆ ಅಂತಿಮ ಒಪ್ಪಿಗೆ ಸಿಕ್ಕಿತು. ಹೊಸ ನಕ್ಷೆ ಗೋಡೆ ಏರಿತು. ಅದಾಗಿ ಒಂದು ಸುಗ್ಗಿ ಕಳೆದಿರಬಹುದು, ನನ್ನ ಮೇಜಿಗೆ ಒಂದು ಬಡಾವಣೆಯ ಕಡತ ಬಂತು. ಸರ್ವೆ ನಂಬರು ನೋಡಿದೊಡನೆ ಗುರುತು ಸಿಕ್ಕಿತು. ಸಾವ್ಕಾರರು ಹೊಲವನ್ನು ಕೃಷಿಯೇತರ ಮಾಡಿಸಿ ಪ್ಲಾಟು ಹಾಕಿದ್ದರು. ರಸ್ತೆಯ ಅಗಲ ಅಳೆದೆ, ಸರಿಯಿತ್ತು. ಉದ್ಯಾನದ ಪಾಲು, ನಾಗರಿಕ ಸೌಲಭ್ಯದ ಜಾಗ, ಚರಂಡಿಯ ಇಳಿಜಾರು, ಎಲ್ಲ ಸರಿಯಿತ್ತು. ತಪ್ಪು ಸಿಗಲಿ ಎಂದು ಹುಡುಕಿದೆ, ಬಚ್ಚಿಡುವುದೇನು? ಸಿಗಲಿಲ್ಲ. ಕೆರೆಯ ಕಡೆಗೆ ಉದ್ದಕ್ಕೆ ಕಾಂಪೌಂಡು ಗೋಡೆ.

ಜಮೀನಿನ ಮೇಲೆ ಬೇರೆಯವರ ಹಾದಿಯ ಹಕ್ಕಿಲ್ಲ ಎಂಬುದಕ್ಕೆ ಆಧಾರ ಕೇಳುವ ಒಂದು ಅಂಕಣ ನಮ್ಮ ನಮೂನೆಯಲ್ಲಿದೆ. ಅದಕ್ಕೆ ಲಗತ್ತಿಸಿದ್ದ ಹಾಳೆಯನ್ನು ತಿರುವಿದೆ. ನಮ್ಮದೇ ವಿಚಾರಣೆಯ ನಡಾವಳಿಯ ದೃಢೀಕೃತ ನಕಲು. ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀಟು ಎಳೆದಿದ್ದರು: ಅಲ್ಲಿ ನಮ್ಮ ಹಾದಿ ಇಲ್ಲ ಎಂದು ಹಟ್ಟಿಯ ಹಿರಿಯರು ತಿಳಿಸಿರುತ್ತಾರೆ.

ಸಹಿಗೆಂದು ಸಾವ್ಕಾರರು ಬಂದಾಗ ಕೇಳಿಯೇಬಿಟ್ಟೆ. “ಮುತ್ಯಾನಿಗಿ ಮಾತು ಕೊಟ್ಟಿದ್ರಿ, ಅವ ಬದುಕಿರತನಾ ಅಂತ.”

“ಕೊಟ್ಟಿದ್ದೆ ಹೌದ್ರಿ. ಹೊಲ ಇದ್ರ ಹಾದಿ. ಈಗ ಹೊಲಾನೇ ಇಲ್ಲಲ್ರಿ ಮೇಡಂ” ಎಂದರು, ಅದೇ ಮೆಲುದನಿಯಲ್ಲಿ. ಅವರ ಮುಖದಲ್ಲಿ ನಾಚಿಕೆ ಇತ್ತೋ ಇಲ್ಲವೋ ನಾನು ನೋಡಲಿಲ್ಲ. ಹಕ್ಕುಗಳು ಯಾವುವೂ ಕಂಡುಬಂದಿರುವುದಿಲ್ಲ ಎಂದು ಷರಾ ಬರೆದೆ. ಬೇರೆ ಏನು ಬರೆಯಲು ನನ್ನ ಹತ್ತಿರ ಕಾಗದವಿತ್ತು?

ಮುಂದಿನ ಮಳೆಗಾಲ, ಬಿತ್ತನೆ ಮುಗಿದ ವಾರ. ಮುತ್ಯಾ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿದ್ದ ಕಡತ ಮುಗಿಸಿಯೇ ನಾನು ಒಳಗೆ ಬರ್ರಿ ಎಂದೆ. ಬಂದರು. ಕುರ್ಚಿಯಲ್ಲಿ ಕೂರದೆ ಮೇಜಿನ ಅಂಚು ಹಿಡಿದು ನಿಂತರು.

“ಬಾಯಿ, ಈ ವರ್ಸದ ಹಾದಿ ಕೇಳ್ಬೇಕಾಗದ. ಸಾವ್ಕಾರ್ರು ಮಾರೀನಿ ಅಂದ್ರು. ಯಾರಿಗಿ ಕೇಳ್ಬೇಕು?”

ಕಡತ ತೆಗೆದು ಪ್ಲಾಟು ಕೊಂಡವರ ಪಟ್ಟಿ ಬಿಚ್ಚಿದೆ. ಪುಟ ತಿರುವಿದಷ್ಟೂ ಹೆಸರು. ಬೀದರಿನವರು, ಹೈದರಾಬಾದಿನವರು, ಪುಣೆಯವರು. ಒಬ್ಬರಿಗೂ ಹಟ್ಟಿ ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ.

“ಬಾಳ ಮಂದಿ ಅದಾರ ಮುತ್ಯಾ.”

“ಇರ್ಲಿ. ಕುರಿ ಎರಡು ದಿನದಿಂದ ಹೆದ್ದಾರಿ ದಾಟಾಕತ್ತಾವ. ಒಬ್ಬೊಬ್ಬರಿಗೇ ಕೇಳ್ತೀನಿ.” ಆಮೇಲೆ, ಹಿಂಜರಿಯುತ್ತ, “ಎಲ್ಲಾರ ಹೆಸರು ಒಂದ್ ಕಾಗದದ ಮ್ಯಾಲ ಬರ್ದ ಕೊಡ್ರಿ ಯವ್ವಾ” ಎಂದರು.

ನಾನು ಹೊಸ ಹಾಳೆ ತೆಗೆದು ಮೊದಲನೆಯ ಪ್ಲಾಟಿನಿಂದ ಬರೆಯತೊಡಗಿದೆ.